ಮಗ್ಗಗಳು ಒಂದೊಂದಾಗಿ ನಿಂತ ದಿನ

ಶಾಲೆಯ ಮುಂದೆಯೇ ಇಳಿಸು ಎಂದು ಮಧುಮತಿ ಎರಡು ಸಲ ಹೇಳಿದ ಮೇಲೆ ತಮ್ಮ ಶೀತಲ ಬೈಕು ನಿಲ್ಲಿಸಿದ. ಒಂದು ಕಾಲನ್ನು ನೆಲಕ್ಕೆ ಊರಿದ, ಇಂಜಿನ್ ಬಂದ್ ಮಾಡಲಿಲ್ಲ.

“ಓಣಿತನಕಾ ಬಿಡ್ತಿದ್ದೆ. ಐದ ಮಿನಿಟಿನ್ಯಾಗ ಕಾಗದ ತಗೊಂಡು ರಬಕವಿಗೆ ಹೊಳ್ಳಿ ಹೋಗಬಹುದಿತ್ತು.”

“ನಡಕೋತ ಹೊಕ್ಕೀನಿ.”

“ಬಿಸಲ ನೋಡಿಯೇನು?”

“ನೋಡೇನಿ.”

ಅವನು ಕಿಸೆಯಿಂದ ಕೀಲಿಕೈ ತೆಗೆದು ಕೊಟ್ಟ. ಕೊಟ್ಟ ಮೇಲೂ ಹೊರಡಲಿಲ್ಲ. “ಆ ಮಾಯವ್ವನ ಮನಿ ಕಡಿ ಹೋಗಬ್ಯಾಡಕ್ಕಾ. ಅವ್ವ ಹೇಳ್ಯಾಳ,” ಎಂದ. ಮಧುಮತಿ ಸುಮ್ಮನಿದ್ದಳು. ಹನ್ನೊಂದು ತಿಂಗಳಿನಿಂದ ಅವಳು ಸುಮ್ಮನಿದ್ದಾಗಲೆಲ್ಲ ಮನೆಯವರು ಅದನ್ನು ಒಪ್ಪಿಗೆ ಎಂದೇ ತಿಳಿಯುತ್ತಿದ್ದರು. ಶೀತಲನೂ ಹಾಗೆಯೇ ತಿಳಿದು ಬೈಕು ತಿರುಗಿಸಿಕೊಂಡು ಹೋದ.

ಕಾಗದ ಬೇಕಾಗಿದ್ದದ್ದು ನಿಜ. ಜಮಖಂಡಿಯ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುವ ಕೆಲಸ ಸಿಗುವಂತಿತ್ತು, ಸೋಮವಾರ ಮೂಲ ಪ್ರಮಾಣಪತ್ರಗಳನ್ನು ತೋರಿಸಬೇಕಿತ್ತು. ಧಾರವಾಡದಲ್ಲಿ ಓದಿ ತಂದ ಎಂ.ಎ. ಪದವಿಯ ಕಾಗದ, ಅಂಕಪಟ್ಟಿ ಎಲ್ಲ ಬನಹಟ್ಟಿಯ ಗಂಡನ ಮನೆಯ ಕಪಾಟಿನಲ್ಲಿ ಉಳಿದಿದ್ದವು. ಹನ್ನೊಂದು ತಿಂಗಳ ಹಿಂದೆ ಗಂಡ ನಿಶಾಂತ ತೀರಿದ ಮೇಲೆ ಅತ್ತೆ ಅನುಸೂಯಾ ತೇರದಾಳದ ಮಗಳ ಮನೆಗೆ ಹೋದರು, ಇವಳು ರಬಕವಿಯ ತವರಿಗೆ ಬಂದಳು, ಆ ಮನೆಗೆ ಕೀಲಿ ಬಿತ್ತು. ಕಾಗದಕ್ಕಾಗಿ ಬಂದಿದ್ದೇನೆ ಎಂದು ಅವಳೂ ಅರ್ಧ ನಂಬಿದ್ದಳು. ಉಳಿದರ್ಧದಲ್ಲಿ ಒಂದೇ ಪ್ರಶ್ನೆ ಇತ್ತು, ಅದನ್ನು ಶಾಲೆಯ ಗೆಳತಿ, ಅದೇ ಓಣಿಯ ಮಾಯವ್ವನನ್ನೇ ಕೇಳಬೇಕಾಗಿತ್ತು. ಆ ದಿನ ಯಾರದೋ ಸಾವಿಗೆ ಓಣಿಯ ಮಗ್ಗಗಳೆಲ್ಲ ನಿಂತ ಹೊತ್ತಿನಲ್ಲಿ ಬಾಗಿಲಿಗೆ ಬಂದ ಮಾಯವ್ವನನ್ನು ನೋಡಿ ಇವಳು “ಮುದುಕಿ ಹೋದಳೇನ?” ಎಂದು ಕೇಳಿದ್ದಳು. ಮಾಯವ್ವ ಹೌದೆಂದು ತಲೆಯಾಡಿಸಿದ್ದಳು. ಸತ್ತದ್ದು ಹಾಸಿಗೆ ಹಿಡಿದಿದ್ದ ಓಣಿಯ ಮುದುಕಿ ಅಲ್ಲ, ನಿಶಾಂತ. ತಲೆಯಾಡಿಸುವಾಗ ಮಾಯವ್ವನಿಗೆ ಅದು ಗೊತ್ತಿತ್ತೇ? ಇಷ್ಟೇ ತಿಳಿಯಬೇಕಿತ್ತು. ಇದು ತಿಳಿಯದೆ ಅವಳಿಗೆ ಶಾಲೆಯ ಒಂದು ದಿನವನ್ನೂ ನೆನೆಯಲು ಆಗುತ್ತಿರಲಿಲ್ಲ. ಮಾಯವ್ವ ತಲೆಯಾಡಿಸಿದ ಮೇಲೆ ಇಬ್ಬರೂ ಚಾಪೆಯ ಮೇಲೆ ಕೂತು ಶಾಲೆಯ ದಿನಗಳನ್ನು ನೆನೆದು ನಕ್ಕಿದ್ದರು. ಇಪ್ಪತ್ತು ನಿಮಿಷ. ಹೊರಗೆ ಓಣಿಗೆ ಓಣಿಯೇ ನಿಂತು ಆ ನಗುವನ್ನು ಕೇಳಿತ್ತು.

ಶಾಲೆಯ ಗೋಡೆಗೆ ಹೊಸ ಬಣ್ಣ ಬಂದಿತ್ತು. ಒಳಗೆ ಯಾವುದೋ ತರಗತಿ ಮಗ್ಗಿ ಹೇಳುತ್ತಿತ್ತು, ಪಕ್ಕದ ಶೆಡ್ಡಿನ ಮಗ್ಗಗಳ ಏಟಿಗೆ ತಾಳ ಹಾಕಿದಂತೆ ಹೇಳುತ್ತಿತ್ತು. ಈ ಊರಿನ ಮಕ್ಕಳಿಗೆ ಯಾರೂ ಕಲಿಸದೆ ಬರುವ ರಾಗ ಅದು. ಧಾರವಾಡದ ಹಾಸ್ಟೆಲಿನಲ್ಲಿ ಮೊದಲ ತಿಂಗಳು ಅವಳಿಗೆ ನಿದ್ದೆ ಬಂದಿರಲಿಲ್ಲ, ಗೋಡೆಯಾಚೆ ಏನೂ ಬಡಿಯುತ್ತಿರಲಿಲ್ಲ. ಶಾಲೆಯ ಗೋಡೆಗುಂಟ ಗಟಾರು ಇನ್ನೂ ಹರಿಯುತ್ತಿತ್ತು. ಆಗ ಅದರಲ್ಲಿ ಬಣ್ಣದ ನೀರು ಬರುತ್ತಿತ್ತು, ಮೇಲಿನ ಓಣಿಯಲ್ಲಿ ನೂಲಿಗೆ ಬಣ್ಣ ಹಾಕಿ ಚೆಲ್ಲಿದ ನೀರು. ಒಂದು ದಿನ ಕೆಂಪು, ಒಂದು ದಿನ ಗಿಣಿಹಸಿರು. ಪ್ರಾರ್ಥನೆಗೆ ಮೊದಲು ಹುಡುಗಿಯರು ಗಟಾರಿನ ದಂಡೆಗೆ ಕೂತು ಇವತ್ತು ಯಾವ ಬಣ್ಣ ಬರುತ್ತದೆಂದು ಪಂಥ ಕಟ್ಟುತ್ತಿದ್ದರು. ಮಾಯವ್ವ ಯಾವತ್ತೂ ಗೆಲ್ಲುತ್ತಿದ್ದಳು. ಅವಳ ಅಪ್ಪ ಅಮಸಿದ್ದಪ್ಪ ಇದ್ದ ಕುರಿಗಳನ್ನೆಲ್ಲ ಮಾರಿ ಬಣ್ಣದ ಶೆಡ್ಡಿನ ಕೂಲಿಗೆ ಸೇರಿದ್ದ, ನಸುಕಿನಲ್ಲಿ ಅವನ ಜೊತೆ ನೂಲು ಹಿಂಡಿಯೇ ಅವಳು ಶಾಲೆಗೆ ಬರುತ್ತಿದ್ದಳು. ಗೆಲ್ಲುವ ಬಣ್ಣ ಅವಳ ಅಂಗೈಯಲ್ಲಿರುತ್ತಿತ್ತು. ಅದು ಎಲ್ಲರಿಗೂ ಗೊತ್ತಿದ್ದೂ ಎಲ್ಲರೂ ಸೋಲುತ್ತಿದ್ದರು. ಏಳನೆಯ ತರಗತಿಯಲ್ಲಿ ಮಧುಮತಿಗೆ ಬಹುಮಾನವಾಗಿ ಬಂದ ಬಿಳಿ ರಟ್ಟಿನ ನೋಟುಪುಸ್ತಕವನ್ನು ಮಾಯವ್ವ ಎರಡೂ ಕೈಯಲ್ಲಿ ಹಿಡಿದು ನೋಡಿ ವಾಪಸು ಕೊಟ್ಟಾಗ ರಟ್ಟಿನ ಮೇಲೆ ನಾಲ್ಕು ನೀಲಿ ಬೆರಳು ಮೂಡಿದ್ದವು. ಮರುದಿನ ಮಧುಮತಿ ಚಾಪೆಯ ಸಾಲಿನಲ್ಲಿ ಜಾಗ ಬದಲಿಸಿದಳು, ಕಿಟಕಿಯ ಗಾಳಿ ಬೇಕು ಎಂದು ಕಲಿಸುವ ಅಕ್ಕೋರಿಗೆ ಹೇಳಿದಳು. ಕಿಟಕಿಯಿಂದ ಗಾಳಿ ಬರುತ್ತಿರಲಿಲ್ಲ, ಹತ್ತಿಯ ನವಿರು ಬರುತ್ತಿತ್ತು. ಅದು ಕಣ್ಣಿಗೆ ಹೊಕ್ಕು ವರ್ಷವಿಡೀ ಕಣ್ಣು ತಿಕ್ಕಿಕೊಂಡಿದ್ದಳು.

ಎದುರಿಗೆ ಹುಲೆಪ್ಪನ ಅಂಗಡಿ ಇತ್ತು. ಆಗ ಸ್ಲೇಟುಕಡ್ಡಿ, ಲಿಂಬೆಹುಳಿ ಪೆಪ್ಪರಮೆಂಟು, ದಾರದುಂಡೆ ಇದ್ದಲ್ಲಿ ಈಗ ಮೊಬೈಲಿನ ಕವರುಗಳು ತೂಗುತ್ತಿದ್ದವು. ಹುಲೆಪ್ಪ ಮಾತ್ರ ಅದೇ ಸ್ಟೂಲಿನ ಮೇಲಿದ್ದ, ಸ್ಟೂಲಿನಷ್ಟೇ ಒಣಗಿದ್ದ. ಅವಳು ನೀರಿನ ಬಾಟಲಿ ಕೇಳಿದಳು. ಅವನು ಕನ್ನಡಕ ಏರಿಸಿ ನೋಡಿದ.

“ಪಾರ್ಶ್ವನಾಥ ಸಾವಕಾರ್ರ ಮಗಳಲ್ಲವಾ ನೀ? ಎಷ್ಟ ದಿನಾತು! ನೀನೂ ಆ ಅಮಸಿದ್ದಪ್ಪನ ಮಗಳೂ ಇಲ್ಲೇ ನಿಂತ ಪೆಪ್ಪರಮೆಂಟ ಕಡೀತಿದ್ರಿ. ಒಂದರಾಗ ಅರ್ಧ ಆಕಿಗೆ, ಅರ್ಧ ನಿನಗ. ಏನ ನಗ್ತಿದ್ರಿ ಲೇ ಇಬ್ರೂ, ನನ್ನ ಗಿರಾಕಿ ಓಡಿ ಹೋಗೂವಂಗ...”

ಅಷ್ಟರಲ್ಲಿ ಅವನ ಕಣ್ಣು ಅವಳ ಬೋಳು ಹಣೆಗೆ ತಾಗಿತು. ಬಾಟಲಿಯನ್ನು ಒರೆಸಿದ, ಮತ್ತೊಮ್ಮೆ ಒರೆಸಿದ. “ಆಗಬಾರದಿತ್ತವಾ,” ಎಂದ. ಆಮೇಲೆ ದನಿ ತಗ್ಗಿಸಿ, “ಆಕಿ ಮಾಡಿದ್ದ ತಪ್ಪ ಬಿಡು. ಓಣ್ಯಾಗ ಯಾರೂ ಆಕಿಗೆ ನೂಲ ಕೊಡವೊಲ್ರು ಈಗ. ಅಷ್ಟ ದೂರ ರಬಕವಿ ಕಡಿಂದ ತಂದ ಸುತ್ತತಾಳ. ಆಗ್ಲಿ. ಬುದ್ಧಿ ಬರ್ಲಿ,” ಎಂದ. ಅವಳಿಗೆ ಸಂತೋಷವಾಗಲೆಂದು ಹೇಳಿದ ಮಾತು ಅದು. ಅವನ ಮುಖದಲ್ಲಿ ಆ ನಿರೀಕ್ಷೆಯೂ ಇತ್ತು. ಅವಳು ನೀರು ಕುಡಿದಳು. ಬಿಸಿಯಾಗಿತ್ತು.

ನೂಲಿನ ವಿಷಯ ಅವಳಿಗೆ ಗೊತ್ತಿತ್ತು. ಆರು ತಿಂಗಳ ಹಿಂದೆಯೇ ಅವ್ವ ಕಾಯಿಪಲ್ಲೆ ಸೋಸುತ್ತ ಹೇಳಿದ್ದಳು. ಆಗಲೂ ಮಧುಮತಿ ಸುಮ್ಮನಿದ್ದಳು. ಆ ಸುಮ್ಮನಿರುವುದರಲ್ಲಿ ಏನೋ ಒಂದು ಬೆಚ್ಚಗಿನದು ಇತ್ತು, ಅದನ್ನು ಅವಳು ನೋಡಿಯೂ ನೋಡದಂತೆ ಇಟ್ಟುಕೊಂಡಿದ್ದಳು. ಊರಿನವರೆಲ್ಲ ಮಾಯವ್ವನ ಕಡೆ ನೋಡುತ್ತಿರುವಷ್ಟು ದಿನ ಯಾರೂ ತನ್ನ ಕಡೆ ನೋಡುವುದಿಲ್ಲ. ಬಿಸಿಲಿನಲ್ಲಿ ಓಣಿಯ ಕಡೆ ನಡೆಯುತ್ತ, ಕಟ್ಟಿಗೆ ಅಡ್ಡೆ ದಾಟಿ, ಬಣವಿಯಂತೆ ನೂಲಿನ ಚೀಲ ಹೇರಿದ ಟಂಟಂ ಆಟೋಗಳ ನಡುವೆ ಸೆರಗು ಸರಿಮಾಡಿಕೊಳ್ಳುತ್ತ, ಅವಳು ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿಕೊಂಡು ನೋಡಿದಳು. ಮಾಯವ್ವನಿಗೆ ಗೊತ್ತಿರಲಿಲ್ಲ ಎಂದರೆ ಎಷ್ಟು ಸುಲಭ! ಆದರೆ ಮಗ್ಗದ ವಿಷಯದಲ್ಲಿ ಮಾಯವ್ವನ ಕಿವಿ ಯಾವತ್ತೂ ತಪ್ಪಿದ್ದಿಲ್ಲ. ಬನಹಟ್ಟಿಯ ಓಣಿಗಳಲ್ಲಿ ಯಾರಾದರೂ ಸತ್ತರೆ ಹೆಣ ಎತ್ತುವವರೆಗೆ ಆ ಓಣಿಯ ಮಗ್ಗ ನಡೆಸುವುದಿಲ್ಲ. ಕರೆಂಟು ಹೋದರೂ ಮಗ್ಗ ನಿಲ್ಲುತ್ತವೆ, ಆದರೆ ಆಗ ಎಲ್ಲ ಒಮ್ಮೆಗೇ ನಿಲ್ಲುತ್ತವೆ. ಸಾವಿನ ಸುದ್ದಿ ಮನೆಯಿಂದ ಮನೆಗೆ ಕಾಲಲ್ಲಿ ಹೋಗುತ್ತದೆ, ಅದು ಹೋದಂತೆ ಹೋದಂತೆ ಒಂದು ಶೆಡ್ಡು, ಇನ್ನೊಂದು ಶೆಡ್ಡು, ಒಂದೊಂದಾಗಿ ನಿಲ್ಲುತ್ತದೆ. ತರಗತಿಯಲ್ಲಿ ಅಕ್ಕೋರು ಸೀಮೆಸುಣ್ಣ ಹಿಡಿದ ಕೈಯನ್ನು ಕರಿಹಲಗೆಯ ಮೇಲೆಯೇ ನಿಲ್ಲಿಸಿ ಕಿವಿಗೊಡುತ್ತಿದ್ದರು. ಒಮ್ಮೆಗೇ ನಿಂತರೆ ಮಕ್ಕಳು ಹೋ ಎಂದು ಕೂಗುತ್ತಿದ್ದರು. ಒಂದೊಂದಾಗಿ ನಿಂತರೆ ಅಕ್ಕೋರು ಪುಸ್ತಕ ಮುಚ್ಚಿಸುತ್ತಿದ್ದರು. ಆಗ ಎಲ್ಲರ ಕಣ್ಣೂ ಮಾಯವ್ವನ ಕಡೆ. ಯಾವ ಶೆಡ್ಡು ಮೊದಲು ನಿಂತಿತು, ಯಾವುದು ಆಮೇಲೆ ಎಂದು ಲೆಕ್ಕ ಹಿಡಿದು ಅವಳು ಇಂಥ ಓಣಿಯ ಇಂಥ ಮನೆ ಎಂದು ಪಿಸುಗುಡುತ್ತಿದ್ದಳು. ಸಂಜೆ ಹೋಗಿ ನೋಡಿದರೆ ಆ ಮನೆಯ ಮುಂದೆಯೇ ಸಾವಿಗೆ ಹಚ್ಚಿದ ಕುಳ್ಳಿನ ಹೊಗೆ.

ಶಾಲೆ ಮುಗಿದ ಮೇಲೆ ಹತ್ತು ವರ್ಷ ಇಬ್ಬರೂ ಭೇಟಿಯಾಗಲಿಲ್ಲ. ಮಧುಮತಿ ಧಾರವಾಡಕ್ಕೆ ಹೋದಳು. ಮಾಯವ್ವನನ್ನು ಬೀಳಗಿಗೆ ಕೊಟ್ಟರು, ಎರಡೇ ವರ್ಷಕ್ಕೆ ಅದು ಮುರಿದು ಅವಳು ಅಪ್ಪನ ಮನೆಗೆ ವಾಪಸು ಬಂದಳು. ನಿಶಾಂತನನ್ನು ಮದುವೆಯಾಗಿ ಮಧುಮತಿ ಇಳಿದದ್ದು ಅದೇ ಓಣಿಗೆ. ನಡುಮಧ್ಯದಲ್ಲಿ ನೂಲಿನ ಅಂಗಡಿಯೂ ಮನೆಯೂ ಕೂಡಿದ ಇವರ ಎರಡಂತಸ್ತು, ಓಣಿಯ ಕೊನೆಗೆ ತಗಡಿನ ಮನೆಯಲ್ಲಿ ಮಾಯವ್ವ ಮೋಟಾರಿನ ರಾಟೆಯ ಮೇಲೆ ಕಂಡಿಕೆ ಸುತ್ತುತ್ತಿದ್ದಳು, ಲಾಳಿಯೊಳಗೆ ಕೂರುವ ಸಣ್ಣ ನೂಲಿನ ಸುರುಳಿಗಳು. ವಾರಕ್ಕೊಮ್ಮೆ ನೂಲು ಒಯ್ಯಲು ಅಂಗಡಿಗೆ ಬರುತ್ತಿದ್ದಳು. ಮೊದಲ ಸಲ ಬಂದಾಗ ಮುಖ ಅರಳಿತ್ತು. ಮಧುಮತಿ “ಆರಾಮ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗಿದ್ದಳು. ಅತ್ತೆ ಎದುರಿಗಿದ್ದರು, ಅಡುಗೆ ಒಲೆಯ ಮೇಲಿತ್ತು, ಏನೋ ಒಂದು ಇತ್ತು. ಮುಂದಿನ ವಾರದಿಂದ ಮಾಯವ್ವ ಅವಳನ್ನು ಹೆಸರು ಬಿಟ್ಟು ಅಕ್ಕಾರ ಎಂದು ಕರೆಯತೊಡಗಿದಳು. ನಿಶಾಂತ ಒಮ್ಮೆ ಊಟಕ್ಕೆ ಕೂತಾಗ ಕೇಳಿದ್ದ, “ಆಕಿ ನಿನ್ನ ಗೆಳತಿ ಅಲ್ಲೇನ?” ಮಧುಮತಿ ಹೇಳಿದ್ದಳು, “ಒಂದ ಸಾಲಿ, ಅಷ್ಟ.” ಅವನು ಅವಳನ್ನೇ ಒಂದು ಕ್ಷಣ ನೋಡಿ ತುತ್ತು ಕಲಸಿದ್ದ. ಅವನ ಮುಖ ಈಗ ನೆನಪಿಗೆ ಬರುವುದು ಆ ಒಂದು ನೋಟದಲ್ಲಿ ಮಾತ್ರ. ಉಳಿದ ಮೂರು ವರ್ಷದ ಮುಖಗಳು ಎಲ್ಲಿಗೆ ಹೋದವೋ.

ಆ ದಿನ ಬೆಳಿಗ್ಗೆ ಅವನು ಬೈಕಿನ ಮೇಲೆ ಮುಧೋಳಕ್ಕೆ ಹೋಗಿದ್ದ. ಅತ್ತೆ ಬಸದಿಗೆ ಹೋಗಿದ್ದರು. ಹನ್ನೊಂದೂವರೆಯ ಸುಮಾರಿಗೆ ಓಣಿಯ ಬಾಯಲ್ಲಿರುವ ಮುರಗೆಪ್ಪನ ಶೆಡ್ಡು ನಿಂತಿತು. ನಂತರ ಎದುರಿನದು, ನಂತರ ಹಿಂದಿನ ಸಾಲು. ಅವಳು ಬಟ್ಟೆ ಮಡಿಸುತ್ತಿದ್ದಳು. ಕೇಳಿಸಿತು, ಗೊತ್ತೂ ಆಯಿತು. ಮುರಗೆಪ್ಪನ ತಾಯಿ ಮುತ್ತವ್ವ ಎರಡು ತಿಂಗಳಿನಿಂದ ಹಾಸಿಗೆ ಹಿಡಿದಿದ್ದಳು, ಓಣಿಯವರೆಲ್ಲ ಹೋಗಿ ಬಾಯಿಗೆ ನೀರು ಬಿಟ್ಟು ಬಂದಿದ್ದರು. ಮೊದಲು ನಿಂತದ್ದು ಅವರ ಶೆಡ್ಡೇ ಆದ್ದರಿಂದ ಸತ್ತದ್ದು ಅವಳೇ. ಸುದ್ದಿ ತಂದವರು ಮುರಗೆಪ್ಪನಿಗೆ ಮೊದಲು ಹೇಳಿರಬಹುದು ಎಂದು ಅವಳಿಗೆ ಹೊಳೆಯಲಿಲ್ಲ. ಕೊನೆಯ ಮಗ್ಗವೂ ನಿಂತಾಗ ಓಣಿಯಲ್ಲಿ ಎಂದೂ ಇಲ್ಲದ ಒಂದು ಸದ್ದು ಕೇಳಿಸಿತು. ಗುಬ್ಬಿಗಳದ್ದು. ಮಧುಮತಿಗೆ ಮೈಯೆಲ್ಲ ಹಗುರಾಯಿತು. ಒಬ್ಬರು ಸತ್ತದ್ದಕ್ಕೆ ತಾನು ಹಿಗ್ಗುತ್ತಿದ್ದೇನೆ ಎಂದು ಅನಿಸಿತು, ಅನಿಸಿದ್ದನ್ನು ಪಕ್ಕಕ್ಕೆ ಸರಿಸಿ ಚಾಪೆ ಹಾಸಿದಳು, ಪುಸ್ತಕ ತೆಗೆದುಕೊಂಡಳು. ಆಗಲೇ ಮಾಯವ್ವ ಬಾಗಿಲಲ್ಲಿ ಬಂದು ನಿಂತಳು. ಎಷ್ಟು ದಿನವಾಗಿತ್ತು ಕೂಗದೆ ಮಾತಾಡಿ! “ಬಾ, ಕುಂದರ ಬಾ ಒಳಗ. ಮುದುಕಿ ಹೋದಳೇನ?” ಎಂದಳು. ಮಾಯವ್ವ ತಲೆಯಾಡಿಸಿದಳು. ಒಳಗೆ ಬಂದಳು. ಚಾಪೆಯ ಅಂಚಿಗೆ ಕೂತಳು.

ಮೊದಲು ಶುರು ಮಾಡಿದವಳು ತಾನೇ ಎಂಬುದು ಮಧುಮತಿಗೆ ಈಗಲೂ ನೆನಪಿದೆ. ಶಾಲೆಯ ಗಂಟೆ ನೆನಪೈತೇನು ಎಂದು ಕೇಳಿದ್ದಳು. ಅದು ಗಂಟೆ ಅಲ್ಲ, ಹಳೆಯ ಮಗ್ಗದ ಒಡೆದ ಹಲ್ಲುಗಾಲಿ, ಬೇವಿನ ಗಿಡಕ್ಕೆ ತೂಗುಬಿಟ್ಟಿದ್ದರು. ಪಕ್ಕದ ಶೆಡ್ಡಿನ ಕೆಲಸಗಾರರು ಅದರ ಮೇಲೆಯೇ ಊಟದ ಹೊತ್ತು ಹಿಡಿಯುತ್ತಿದ್ದರು. ಒಂದು ದಿನ ಮಾಯವ್ವ ಕಾಗೆ ಓಡಿಸಲು ಎಸೆದ ಕಲ್ಲು ಅದಕ್ಕೆ ಬಡಿದು, ಬೆಳಿಗ್ಗೆ ಹತ್ತೂವರೆಗೆ ಗಂಟೆಯಾಗಿಬಿಟ್ಟಿತು. ಶೆಡ್ಡಿನ ಮಗ್ಗ ನಿಂತವು. ಇಪ್ಪತ್ತು ಜನ ಗಂಡಸರು ಕೈ ತೊಳೆದುಕೊಂಡು ಬಂದು ಗೋಡೆಯ ನೆರಳಿಗೆ ಸಾಲಾಗಿ ಕೂತು ರೊಟ್ಟಿಯ ಗಂಟು ಬಿಚ್ಚಿದರು. ತಿನ್ನಲಿಕ್ಕೆ ಹತ್ತಿದ ಮೇಲೆ ಒಬ್ಬ ಇನ್ನೊಬ್ಬನ ಮುಖ ನೋಡಿ, “ಇವತ್ಯಾಕ ಹಸಿವಿನ ಆಗಿಲ್ಲಲ್ಲೋ?” ಎಂದ. ಇನ್ನೊಬ್ಬ, “ನನಗೂ ಆಗಿಲ್ಲ. ಪಿತ್ತ ಆಗಿರಬೇಕ,” ಎಂದ. ಮೂರನೆಯವ, “ಹಂಗಾರ ಊರಿಗೇ ಆಗೇತಿ,” ಎಂದ. ಚಾಪೆಯ ಮೇಲೆ ಮಾಯವ್ವ ಆ ಮೂವರ ದನಿಯನ್ನೂ ತೆಗೆದು ಹೇಳಿದಳು. ಮಧುಮತಿಗೆ ಪಕ್ಕೆ ಹಿಡಿದುಕೊಳ್ಳುವಷ್ಟು ನಗು. ಸಾಕು ಸಾಕು ಎನ್ನುತ್ತ ಅವಳು ಮಾಯವ್ವನ ಮೊಣಕಾಲು ಹಿಡಿದುಕೊಂಡಿದ್ದಳು. ಮಾಯವ್ವನ ಕಣ್ಣಲ್ಲಿಯೂ ನೀರು ಬಂದಿತ್ತು. ಹೊರಗೆ ಗಾಡಿ ನಿಂತ ಸದ್ದಾದಾಗ ಮೊದಲು ನಗು ನಿಲ್ಲಿಸಿದವಳು ಮಾಯವ್ವ. ನಿಲ್ಲಿಸಿ, ಎದ್ದು, ಗೋಡೆಗೆ ಆತು ನಿಂತಳು. ಬಾಗಿಲು ಪೂರ್ತಿ ತೆರೆದಾಗ ಮುಂದೆ ನಿಶಾಂತನ ಹೆಣ ತಂದ ಗಾಡಿ, ಓಣಿಯ ಎರಡೂ ಬದಿಗೆ ಜನ ತಲೆ ತಗ್ಗಿಸಿ ನಿಂತಿದ್ದರು. ಮಧುಮತಿಯ ಮುಖದ ಮೇಲೆ ನಗು ಇನ್ನೂ ಇತ್ತು. ಅದನ್ನು ತೆಗೆಯಲು ಅವಳಿಗೆ ತಿಳಿಯಲಿಲ್ಲ.

ಓಣಿ ಬಂತು. ಮಗ್ಗಗಳ ಸದ್ದು ಎದೆಗೆ ಬಡಿಯಿತು. ಮುರಗೆಪ್ಪನ ಕಟ್ಟೆಯ ಮೇಲೆ ಹಗ್ಗದ ಹೊರಸು ಹಾಕಿಕೊಂಡು ಮುತ್ತವ್ವ ಕೂತಿದ್ದಳು. ಸಾಯಲಿಲ್ಲ, ಆ ಸಾವಿನ ವಾರದಲ್ಲಿಯೇ ಎದ್ದು ಕೂತು ಗಂಜಿ ಕೇಳಿದ್ದಳಂತೆ. ಮಧುಮತಿ ನೋಡದಂತೆ ದಾಟಿದಳು. ಮನೆಯ ಕೀಲಿ ತೆಗೆದಳು. ಕಪಾಟಿನಲ್ಲಿ ಕಾಗದಗಳು ಇದ್ದಲ್ಲೇ ಇದ್ದವು. ಪ್ಲಾಸ್ಟಿಕ್ ಚೀಲದ ಮೇಲೆ ನಿಶಾಂತನ ಅಕ್ಷರದಲ್ಲಿ ‘ಮಧು, ಧಾರವಾಡ’ ಎಂದಿತ್ತು. ಅದನ್ನು ಓದಿ ಏನಾದರೂ ಆಗುತ್ತದೆಯೇ ಎಂದು ಸ್ವಲ್ಪ ಹೊತ್ತು ನಿಂತಳು. ಏನೂ ಆಗಲಿಲ್ಲ. ಮೂಲೆಯಲ್ಲಿ ಚಾಪೆ ಸುರುಳಿಯಾಗಿತ್ತು. ಕೀಲಿ ಹಾಕಿ, ರಬಕವಿಯ ದಿಕ್ಕಿಗೆ ತಿರುಗದೆ ಓಣಿಯ ಕೊನೆಯ ಕಡೆ ನಡೆದಳು. ಎರಡು ಬಾಗಿಲಲ್ಲಿ ಹೆಂಗಸರು ಬಂದು ನಿಂತದ್ದು ಅವಳಿಗೆ ತಿಳಿಯಿತು.

ತಗಡಿನ ಮನೆಯೊಳಗೆ ರಾಟೆ ತಿರುಗುತ್ತಿತ್ತು. ಮಾಯವ್ವ ತಲೆ ಎತ್ತಿದಳು. ತೆಳ್ಳಗಾಗಿದ್ದಳು, ಹುಬ್ಬಿನ ಮೇಲೆಲ್ಲ ನೂಲಿನ ನವಿರು ಕೂತಿತ್ತು.

“ಬರ್ರಿ ಅಕ್ಕಾರ,” ಎಂದಳು.

“ಅಕ್ಕಾರ ಅನಬ್ಯಾಡ.”

ಮಾಯವ್ವ ಗುಂಡಿ ಒತ್ತಿ ರಾಟೆ ನಿಲ್ಲಿಸಿದಳು. ಕೂರಲು ಹೇಳಲಿಲ್ಲ. ಕೂರಿಸಲು ಅಲ್ಲಿ ಜಾಗವೂ ಇರಲಿಲ್ಲ, ನೆಲದ ತುಂಬ ಕಂಡಿಕೆಯ ಬುಟ್ಟಿಗಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ವಾಕ್ಯಗಳಲ್ಲಿ ಒಂದೂ ಉಳಿದಿರಲಿಲ್ಲ. ಮಧುಮತಿ ಹೊಸ್ತಿಲ ಮೇಲೆ ನಿಂತು ಕೇಳಿದಳು, “ಮುದುಕಿ ಹೋದಳೇನ ಅಂತ ನಾ ಕೇಳಿದಾಗ ತಲಿ ಅಲ್ಲಾಡಿಸಿದಿ. ನಿನಗ ಗೊತ್ತಿತ್ತ?”

“ಗೊತ್ತಿತ್ತು.”

ಇಷ್ಟು ಬೇಗ ಬರುತ್ತದೆಂದು ಅವಳು ಅಂದುಕೊಂಡಿರಲಿಲ್ಲ.

“ಮುರಗೆಪ್ಪ ಕಾಕಾನ ನನ್ನ ಕಳಿಸಿದ್ದ,” ಎಂದಳು ಮಾಯವ್ವ. “ನೀವಿಬ್ರೂ ಕೂಡಿ ಸಾಲಿ ಕಲ್ತವ್ರು, ನೀ ಹೇಳಿದ್ರ ತಡಕೋತಾಳ ಅಂದ. ಅಷ್ಟೊತ್ತಿಗೆ ಹೆಣದ ಗಾಡಿ ಮುಧೋಳ ಬಿಟ್ಟಿತ್ತು.”

“ಮತ್ತ ಯಾಕ ಹೇಳ್ಲಿಲ್ಲ?”

“ಹೇಳಾಕಂತನ ಬಂದೆ. ಬಾಗಲದಾಗ ನಿಂತಾಗ ಮಾತ ಬಾಯಾಗನ ಇತ್ತು.” ಅವಳು ಒಂದು ಕಂಡಿಕೆ ಎತ್ತಿಕೊಂಡು ಅದರ ತುದಿ ಹುಡುಕಿದಳು. “ನೀ ಬಾ ಕುಂದರ ಅಂದಿ. ಮೂರ ವರ್ಷ ಆಗಿತ್ತ ನೀ ಈ ಓಣಿಗೆ ಬಂದು. ಒಂದಿನಾನೂ ಅಂದಿದ್ದಿಲ್ಲ. ಈಗ ಹೇಳಿಬಿಟ್ರ ಇನ್ನ ಯಾವತ್ತೂ ಅನ್ನೂದಿಲ್ಲ ಅಂತ ಗೊತ್ತಾತು. ಕುಂತೆ. ಒಂದ ಎಲ್ಡ ಮಾತ ಆಡಿ ಹೇಳೂಣು ಅಂತ ಕುಂತೆ. ಆಮ್ಯಾಲ ಗಂಟಿ ಮಾತ ತಗದಿ.”

“ನಾ ತಗದೆ.”

“ಹೂಂ. ನೀ ತಗದಿ.”

ಪಕ್ಕದ ಶೆಡ್ಡಿನ ಮಗ್ಗಗಳಿಗೆ ತಗಡಿನ ಗೋಡೆ ನಡುಗುತ್ತಿತ್ತು. ಮಧುಮತಿಗೆ ಇನ್ನೊಂದು ಪ್ರಶ್ನೆ ಬಂತು. ಕೇಳಬೇಕಾದದ್ದು ಮೊದಲಿನಿಂದ ಇದೇ ಇತ್ತೇನೋ.

“ನಕ್ಕಿಯಲ್ಲ, ಅದು? ನನ್ನ ಹಿಡದ ಕೂಡ್ಸಾಕ ಸುಳ್ಳಸುಳ್ಳ ನಕ್ಕಿಯೇನು?”

ಮಾಯವ್ವ ಮೊದಲ ಸಲ ಅವಳ ಮುಖ ನೋಡಿದಳು. “ಇಲ್ಲ ಬೇ,” ಎಂದಳು. “ಖರೇನ ನಗು ಬಂತು. ಹೊರಗ ಏನೈತಿ ಅಂತ ಗೊತ್ತಿದ್ದೂ ಬಂತು. ಬರಬಾರದಿತ್ತು. ಬಂತು.”

“ನೀ ಹೇಳಬೇಕಿತ್ತು.”

“ಹೂಂ.”

ತಪ್ಪಾಯಿತು ಎಂದು ಅವಳು ಅನ್ನಲಿಲ್ಲ. ಅಂದಿದ್ದರೆ ಮಧುಮತಿ ಕ್ಷಮಿಸಿ ಹೊರಟುಬಿಡಬಹುದಿತ್ತು. ಏನು ಮಾಡಬೇಕೆಂದು ತಿಳಿಯದೆ ಅವಳು ಕಾಗದಗಳ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಸಿಟ್ಟು ಬರಬೇಕಾದ ಜಾಗದಲ್ಲಿ ಬೇರೇನೋ ಇತ್ತು, ಬಹಳ ದಿನ ಮರಗಟ್ಟಿದ್ದ ಕಾಲಿಗೆ ರಕ್ತ ಇಳಿಯುವಾಗಿನ ಸೂಜಿ ಚುಚ್ಚು. ಆ ಇಪ್ಪತ್ತು ನಿಮಿಷವನ್ನು ಯಾರೋ ತನಗೆ ಮೋಸದಿಂದ ಕೊಟ್ಟದ್ದು ಎಂದು ಅವಳು ತಿಳಿದಿದ್ದಳು. ಕೊಟ್ಟವಳಿಗೂ ಅದು ಬೇಕಾಗಿತ್ತು.

“ಓಣ್ಯಾಗ ಏನಂತಾರ ಗೊತ್ತೈತಿ?” ಎಂದಳು ಮಧುಮತಿ.

“ಗೊತ್ತಿಲ್ದ ಏನು. ಗೊತ್ತಿದ್ದ ಹೋಗಿ ಕುಂತ ನಗಿಸಿದಳು ಅಂತಾರ.”

“ನಾನ ಕರದೆ ಅಂತ ಹೇಳಬೇಕಿಲ್ಲ ನೀ?”

“ಯಾರಿಗೆ ಹೇಳ್ಲಿ? ಹೇಳಿದ್ರ ನಿನಗ ಅಂತಿದ್ರು. ಮಗ್ಗ ನಿಂತದ್ದ ಕೇಳಿಯೂ ಚಾಪಿ ಹಾಸಿ ಹಲ್ಲ ಕಿಸದಳು ಅಂತಿದ್ರು. ಗಂಡನ್ನ ಕಳಕೊಂಡಾಕಿಗೆ ಆ ಮಾತ ಬ್ಯಾರೆ ಬೇಕೇನ.” ಅವಳು ಕಂಡಿಕೆಯನ್ನು ಬುಟ್ಟಿಗೆ ಹಾಕಿ ಗುಂಡಿಯ ಕಡೆ ಕೈ ಚಾಚಿದಳು. “ಹೋಗ. ಬಿಸಲ ಭಾಳ ಐತಿ. ಇದನ್ನ ನಾಳಿ ಮುಂಜಾನಿ ರಬಕವಿಗೆ ಮುಟ್ಟಸಬೇಕ ನಾ.”

ರಾಟೆ ಮತ್ತೆ ತಿರುಗಿತು. ಮಧುಮತಿ ಹೊಸ್ತಿಲಿಳಿದಳು. ಇಬ್ಬರು ಹೆಂಗಸರು ನಾಲ್ವರಾಗಿದ್ದರು. ಅವರ ಮುಖಗಳಲ್ಲಿ ಮರುಕ ಇತ್ತು. ಹನ್ನೊಂದು ತಿಂಗಳಿನಿಂದ ಆ ಮರುಕದ ಕೆಳಗೆ ಅವಳು ಹೊದ್ದು ಮಲಗಿದ್ದಳು. ನೆಲ ನೋಡುತ್ತ ನಡೆದರೆ ಓಣಿಯ ಬಾಯಿಗೆ ಐವತ್ತು ಹೆಜ್ಜೆ, ಅಲ್ಲಿಂದ ರಿಕ್ಷಾ, ಸೋಮವಾರ ಜಮಖಂಡಿ. ಅವಳು ನೆಲ ನೋಡುತ್ತಲೇ ನಡೆದಳು. ಮುರಗೆಪ್ಪನ ಕಟ್ಟೆಯ ಮುಂದೆ ಬಂದಾಗ ಮುತ್ತವ್ವ ಕೋಲಿನಿಂದ ಹೊರಸಿನ ಕಾಲಿಗೆ ಬಡಿದಳು.

“ಏ ನೂಲಿನಂಗಡಿ ಸೊಸಿ! ಅಲ್ಲಿಂದ ಬಂದಿಯೇನ? ಕಾಲಿಗೆ ಬಿದ್ದಳೇನ ಆ ರಂಡಿ?”

ಮಧುಮತಿ ನಿಂತಳು. ಹಿಂದಿನ ಹೆಂಗಸರೂ ನಿಂತರು.

“ಆಕಿ ತಾನಾಗಿ ಬಂದ ಕುಂತಿದ್ದಿಲ್ಲ ಆಯಿ,” ಎಂದಳು. “ನಾನ ಕರದ ಕೂಡ್ಸಿಕೊಂಡಿದ್ದೆ.”

“ಆಂ?” ಮುದುಕಿ ಕಿವಿಗೆ ಅಂಗೈ ಹಿಡಿದಳು. ಬೆನ್ನ ಹಿಂದಿನ ಶೆಡ್ಡಿನಲ್ಲಿ ಹನ್ನೆರಡು ಮಗ್ಗ ಓಡುತ್ತಿದ್ದವು. “ಏನಂದಿ? ಜೋರ ಹೇಳ!”

ಒಂದು ಸಲ ಮೆಲ್ಲಗೆ ಹೇಳಿ ಹೋಗಬಹುದೆಂದು ಅವಳು ಎಣಿಸಿದ್ದಳು. ಈ ಓಣಿಯಲ್ಲಿ ಮೆಲ್ಲಗೆ ಹೇಳಿದ ಯಾವ ಮಾತೂ ಹೇಳಿದಂತಾಗುವುದಿಲ್ಲ.

“ನಾನ ಕರದೆ ಅಂದ್ನಿ! ಮಗ್ಗ ನಿಂತದ್ದ ಕೇಳಿತ್ತ ನನಗ! ನೀ ಸತ್ತಿ ಅಂತ ತಿಳದು, ಆಕಿನ್ನ ಕೂಡ್ಸಿಕೊಂಡು...”

“ನಾ ಏನಾದೆ?”

“ನೀ ಸತ್ತಿ ಅಂತ ತಿಳದೆ!” ಮಧುಮತಿ ಕೂಗಿದಳು. ಹನ್ನೊಂದು ತಿಂಗಳಲ್ಲಿ ಇಷ್ಟು ದೊಡ್ಡ ದನಿ ಅವಳಿಂದ ಹೊರಟಿರಲಿಲ್ಲ, ಹೆಣದ ಮುಂದೆಯೂ ಹೊರಟಿರಲಿಲ್ಲ. “ಅದಕ್ಕ ಖುಷಿಲೇ ಕುಂತೆ! ಆಕಿ ನಗಸ್ಲಿಲ್ಲ! ನಾವಿಬ್ರೂ ನಕ್ವಿ! ಇಬ್ರೂ!”

ಶೆಡ್ಡಿನ ಬಾಗಿಲಿಗೆ ಮುರಗೆಪ್ಪ ಬಂದು ನಿಂತ, ಕೈಯಲ್ಲಿ ಎಣ್ಣೆಯ ಡಬ್ಬಿ. ಹಿಂದೆ ಹೆಂಗಸರಲ್ಲಿ ಒಬ್ಬಳು ಇನ್ನೊಬ್ಬಳ ಕಿವಿಗೆ ಬಾಗಿದಳು. ಅವರ ಮುಖಗಳು ಬದಲಾಗುವುದನ್ನು ಮಧುಮತಿ ನೋಡಿದಳು. ಮರುಕ ಇಳಿಯಲು ಬಹಳ ಹೊತ್ತು ಹಿಡಿಯಲಿಲ್ಲ. ಓಡಬೇಕೆನಿಸಿತು, ನಿಂತೇ ಇದ್ದಳು.

ಮುತ್ತವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹಲ್ಲಿಲ್ಲದ ಬಾಯಿ ಏನೋ ಅಗಿದಂತೆ ಆಡಿತು. ಆಮೇಲೆ ಕಾಲು ಮಡಚಿಕೊಂಡು, ಹೊರಸಿನ ಮೇಲೆ ಅಷ್ಟು ಜಾಗ ಬಿಟ್ಟು, ಕೋಲಿನಿಂದ ಆ ಜಾಗ ತೋರಿಸಿ ಕೇಳಿದಳು:

“ಯಾಕ ನಕ್ರಿ?”

ಇಷ್ಟು ದಿನದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಮಧುಮತಿ ಕಾಗದಗಳ ಚೀಲವನ್ನು ಕಟ್ಟೆಯ ಮೇಲಿಟ್ಟು ಕೂತಳು.